ಕ್ರೀಡಾ ಕೋಟಾದಲ್ಲಿ ಫ್ರೀ ಸೀಟು: 'ಹೂಂ' ಅನ್ನುವ ಮೊದಲು ಹೆತ್ತವರು ಕೇಳಬೇಕಾದ್ದೇನು?

ಸಾಸ್ತಾನ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಐರೋಡಿ, ಪಾಂಡೇಶ್ವರ, ಗುಂಡ್ಮಿ, ಕೋಡಿ ಕನ್ಯಾನ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಗು ಯಾವ ಕಾಲೇಜಿಗೆ? ಕಬಡ್ಡಿ, ವಾಲಿಬಾಲ್, ಖೋಖೋ, ಓಟದಲ್ಲಿ ಹೆಸರು ಮಾಡಿದ ಮಕ್ಕಳ ಮನೆಯಲ್ಲಿ ಈ ಚರ್ಚೆಗೆ ಇನ್ನೊಂದು ಮಾತು ಸೇರುತ್ತದೆ. 'ಕ್ರೀಡಾ ಕೋಟಾದಲ್ಲಿ ಫೀಸಿಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ, ಬಂದು ಸೇರಿ' ಅನ್ನುವ ಕರೆ.

ಅಂಗಡಿ, ದೋಣಿ ಕೆಲಸ, ಹೋಟೆಲ್ ದುಡಿಮೆ ನಂಬಿದ ಮನೆಗೆ ಇದು ಸಣ್ಣ ಮಾತಲ್ಲ. ಎರಡು ವರ್ಷದ ಖರ್ಚು ಉಳಿಯುತ್ತದೆ, ಮಗುವಿಗೆ ಒಳ್ಳೆ ಮೈದಾನ, ಕೋಚ್ ಸಿಗುತ್ತಾರೆ. ಹಾಗಾಗಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಪೂರ್ತಿ ಫ್ರೀಯಾ, ಅರ್ಧ ಫ್ರೀಯಾ? ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡಿವೆ. ಮಗುವಿಗೆ ಅಲ್ಲಿ ನಿಜವಾಗಿ ಆಡಲು ಸಿಗುತ್ತದಾ? ಆಟ ನಿಂತುಹೋದರೆ ಓದು ಉಳಿಯುತ್ತದಾ? ಈ ಎರಡಕ್ಕೂ ಉತ್ತರ ಸಿಕ್ಕದೆ ಫ್ರೀ ಸೀಟಿನ ಬೆಲೆ ಎಷ್ಟೆಂದು ಹೇಳುವ ಹಾಗಿಲ್ಲ. ಸೀಟು ಒಪ್ಪುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಎದುರಿಗಿರುವ ದಾರಿ ಮೂರು

ಮೊದಲನೆಯದು ಖಾಸಗಿ ಸಂಸ್ಥೆಗಳ ದತ್ತು ಯೋಜನೆ. ಕರಾವಳಿಯಲ್ಲಿ ಇದಕ್ಕೆ ದೊಡ್ಡ ಹೆಸರು ಡಾ. ಎಂ. ಮೋಹನ ಆಳ್ವರ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ. ಅಲ್ಲಿ ಕ್ರೀಡಾ ದತ್ತು ಯೋಜನೆಯಡಿ ಆಯ್ಕೆಯಾದವರಿಗೆ ಉಚಿತ ಶಿಕ್ಷಣ, ವಸತಿ ಉಂಟು. ಮಂಗಳೂರು ವಿಶ್ವವಿದ್ಯಾನಿಲಯದ ಅಂತರ್ ಕಾಲೇಜು ಅಥ್ಲೆಟಿಕ್ಸ್‌ನಲ್ಲಿ ಆಳ್ವಾಸ್ ಹಲವು ವರ್ಷ ಸತತವಾಗಿ ಸಮಗ್ರ ಪ್ರಶಸ್ತಿ ಗೆದ್ದಿದೆ. ಉಜಿರೆಯ ಎಸ್‌ಡಿಎಂ ಕಾಲೇಜು ಕೂಡ ಕ್ರೀಡಾಪಟುಗಳನ್ನು ಬೆಳೆಸಿದ ಸಂಸ್ಥೆ.

ಎರಡನೆಯದು ಸರ್ಕಾರದ್ದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ರಾಜ್ಯದ ಹಲವು ಕಡೆ ಕ್ರೀಡಾ ಶಾಲೆ, ಕ್ರೀಡಾ ನಿಲಯ ನಡೆಸುತ್ತದೆ. ಆಯ್ಕೆ ಪರೀಕ್ಷೆ ಇರುತ್ತದೆ. ಆಯ್ಕೆಯಾದರೆ ವಸತಿ, ಊಟ, ತರಬೇತಿ ಸರ್ಕಾರದ ಲೆಕ್ಕದಲ್ಲಿ. ಗಮನಿಸಬೇಕಾದ್ದು ಒಂದೇ, ಈ ಆಯ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುವುದಿಲ್ಲ. ಶೈಕ್ಷಣಿಕ ವರ್ಷ ಮುಗಿಯುವ ಮೊದಲೇ ಪ್ರಕಟಣೆ ಬರುವುದುಂಟು. ಫಲಿತಾಂಶ ಬಂದ ಮೇಲೆ ಕೇಳಲು ಹೋದರೆ ತಡವಾಗಿರುತ್ತದೆ. ಉಡುಪಿ ಅಜ್ಜರಕಾಡಿನಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿಡುವುದು ಒಳ್ಳೆಯದು.

ಮೂರನೆಯದು ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜು. ಕೋಟ, ಬ್ರಹ್ಮಾವರ, ಕುಂದಾಪುರ, ಉಡುಪಿ ಎಲ್ಲವೂ ಸಾಸ್ತಾನದವರಿಗೆ ಹೆದ್ದಾರಿ 66ರ ಮೇಲೇ ಸಿಗುತ್ತವೆ. ಇಲ್ಲಿ ಹಾಸ್ಟೆಲ್ ಸೌಲಭ್ಯ ಇಲ್ಲದಿರಬಹುದು, ಮೈದಾನ ಸಣ್ಣದಿರಬಹುದು. ಆದರೆ ಮಗು ಮನೆ ಊಟ ಮಾಡುತ್ತದೆ, ಊರಿನ ತಂಡದಲ್ಲೂ ಆಡುತ್ತದೆ, ಕಾಲೇಜು ತಂಡದಲ್ಲಿ ಮೊದಲ ವರ್ಷವೇ ಜಾಗ ಸಿಗುವ ಸಾಧ್ಯತೆ ಹೆಚ್ಚು. ಇದನ್ನು 'ಎಂತದೂ ಸಿಗದವರ ದಾರಿ' ಅಂದುಕೊಳ್ಳುವುದು ತಪ್ಪು.

ಪಿಯು ಅಂದ್ರೆ ಎರಡೇ ಸೀಸನ್

ಹೆತ್ತವರು ಮರೆಯುವ ಲೆಕ್ಕ ಇದು. ಪಿಯು ಎರಡು ವರ್ಷ. ತಾಲೂಕು, ಜಿಲ್ಲೆ, ರಾಜ್ಯ ಮಟ್ಟದ ಕೂಟಗಳು ಮಳೆಗಾಲದ ಮಧ್ಯದಿಂದ ಚಳಿಗಾಲದ ಶುರುವಿನೊಳಗೆ ಮುಗಿಯುತ್ತವೆ. ಆಮೇಲೆ ಪರೀಕ್ಷೆ ತಯಾರಿ. ಅಂದರೆ ಒಂದು ಮಗುವಿಗೆ ಪಿಯುನಲ್ಲಿ ಸಿಗುವುದು ಎರಡೇ ಅವಕಾಶ.

ಮೊದಲ ವರ್ಷ 'ಸೀನಿಯರ್ಸ್ ಇದ್ದಾರೆ, ಮುಂದಿನ ವರ್ಷ ನೋಡುವ' ಅಂತ ಬೆಂಚಿನಲ್ಲಿ ಕೂತರೆ ಅರ್ಧ ಮುಗಿದ ಹಾಗೆ. ಎರಡನೇ ವರ್ಷ ಜ್ವರವೋ ಕಾಲುನೋವೋ ಬಂದರೆ ಪೂರ್ತಿ ಮುಗಿಯಿತು. ಮೂರು ವರ್ಷದ ಪದವಿಯಲ್ಲಾದರೆ ಒಂದು ವರ್ಷ ಕಾದರೂ ಎರಡು ಉಳಿಯುತ್ತದೆ. ಪಿಯುನಲ್ಲಿ ಆ ಸಲೀಸು ಇಲ್ಲ. ಹಾಗಾಗಿ ಆಡುವ ಅವಕಾಶದ ಪ್ರಶ್ನೆಯನ್ನು ಪದವಿಗಿಂತ ಪಿಯುಗೆ ಸೇರಿಸುವಾಗ ಹೆಚ್ಚು ಗಟ್ಟಿಯಾಗಿ ಕೇಳಬೇಕು.

ಆಡಲು ಸಿಗುತ್ತದಾ? ಲೆಕ್ಕ ಹಾಕುವುದು ಹೀಗೆ

ಕಬಡ್ಡಿ ಅಂಕಣದಲ್ಲಿ 7 ಮಂದಿ. ವಾಲಿಬಾಲ್‌ನಲ್ಲಿ 6. ಖೋಖೋದಲ್ಲಿ 9. ಫುಟ್‌ಬಾಲ್‌ನಲ್ಲಿ 11. ಹಾಸ್ಟೆಲ್‌ನಲ್ಲಿ ಅದೇ ಆಟದ 30 ಮಕ್ಕಳಿದ್ದರೆ ಉಳಿದವರು ಅಭ್ಯಾಸಕ್ಕೆ ಮಾತ್ರ. ಒಳ್ಳೆ ತಂಡದ ಜೊತೆ ಅಭ್ಯಾಸ ಮಾಡುವುದರಲ್ಲೂ ಲಾಭ ಇದೆ, ಇಲ್ಲ ಅಂತಲ್ಲ. ಆದರೆ ತಂಡದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ, ಆಯ್ಕೆಗಾರರ ಕಣ್ಣಿಗೆ ಬೀಳುವುದೂ ಇಲ್ಲ.

ಕಾಲೇಜಿಗೆ ಹೋದಾಗ ಇಷ್ಟು ಕೇಳಿ:

ಒಂದು, ಕಳೆದ ವರ್ಷ ತಾಲೂಕು ಮತ್ತು ಜಿಲ್ಲಾ ಕೂಟಕ್ಕೆ ಕಳಿಸಿದ ತಂಡದ ಪಟ್ಟಿ ತೋರಿಸುತ್ತೀರಾ? ಅದರಲ್ಲಿ ಪ್ರಥಮ ಪಿಯು ಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಮಂದಿ ಅಂಕಣಕ್ಕೆ ಇಳಿದರು?

ಎರಡು, ನಮ್ಮ ಮಗುವಿನ ಜಾಗದಲ್ಲಿ ಈಗ ಯಾರಿದ್ದಾರೆ? ಮಗ ರೈಡರ್ ಆಗಿದ್ದು ಅಲ್ಲಿ ಈಗಾಗಲೇ ನಾಲ್ಕು ರೈಡರ್ ಇದ್ದರೆ ಒಂದು ಕತೆ. ಕಾರ್ನರ್ ಹಿಡಿಯುವವರು ಬೇಕಾಗಿ ಹುಡುಕುತ್ತಿದ್ದರೆ ಬೇರೆಯೇ ಕತೆ. ವಾಲಿಬಾಲ್‌ನಲ್ಲಿ ಸೆಟ್ಟರ್ ಜಾಗಕ್ಕೂ ಇದೇ ಲೆಕ್ಕ.

ಮೂರು, ಮೈದಾನದಲ್ಲಿ ಕಾಣುವವರಲ್ಲಿ ಪಿಯುನವರು ಎಷ್ಟು, ಪದವಿಯವರು ಎಷ್ಟು? ಒಂದೇ ಆವರಣದಲ್ಲಿ ಎರಡೂ ಇದ್ದರೆ ಅಭ್ಯಾಸ ಒಟ್ಟಿಗೇ ನಡೆಯುತ್ತದೆ, ಸ್ಪರ್ಧೆಯ ತಂಡ ಮಾತ್ರ ಬೇರೆ ಬೇರೆ. ಪದವಿಯ ದೊಡ್ಡ ಆಟಗಾರರನ್ನು ನೋಡಿ ಹೆದರುವ ಅಗತ್ಯ ಇಲ್ಲ, ಅವರು ಪಿಯು ಮಗುವಿನ ಜಾಗಕ್ಕೆ ಬರುವವರಲ್ಲ. ಸಮವಯಸ್ಸಿನವರು ಎಷ್ಟಿದ್ದಾರೆ ಅನ್ನುವುದೇ ಮುಖ್ಯ.

ಓಟ, ಜಿಗಿತ, ಎಸೆತದಲ್ಲಿ ಬೆಂಚು ಅಂತ ಇಲ್ಲ. ಆದರೆ ಒಂದು ಸ್ಪರ್ಧೆಗೆ ಒಂದು ಕಾಲೇಜಿನಿಂದ ಇಷ್ಟೇ ಮಂದಿ ಎಂಬ ಮಿತಿ ಇರುತ್ತದೆ. ಬಲವಾದ ಕಾಲೇಜಿನಲ್ಲಿ ಆ ಮಿತಿಯೊಳಗೆ ಬರುವುದೇ ಒಂದು ಸ್ಪರ್ಧೆ. ಇಲ್ಲಿ ಒಂದು ಅನುಕೂಲವೂ ಇದೆ. ಸಮಯ, ದೂರ ಅಳತೆಯಲ್ಲಿ ಸಿಗುತ್ತದೆ. ಮಗಳ 400 ಮೀಟರ್ ಸಮಯವನ್ನು ಆ ಕಾಲೇಜಿನ ಇಬ್ಬರು ಮುಂಚೂಣಿ ಓಟಗಾರ್ತಿಯರ ಸಮಯದ ಪಕ್ಕ ಇಟ್ಟು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಜಿಲ್ಲೆ ಬದಲಾದರೆ ಏಣಿಯೂ ಬದಲಾಗುತ್ತದೆ

ಪಿಯು ಕೂಟದಲ್ಲಿ ಮಗು ಆಡುವುದು ಮನೆ ಇರುವ ತಾಲೂಕಿನ ಪರವಾಗಿ ಅಲ್ಲ, ಕಾಲೇಜು ಇರುವ ತಾಲೂಕಿನ ಪರವಾಗಿ. ಸಾಸ್ತಾನದ ಮಗು ಬ್ರಹ್ಮಾವರದಲ್ಲಿ ಓದಿದರೆ ಉಡುಪಿ ಜಿಲ್ಲೆಯ ಹಂತ ಹತ್ತಬೇಕು. ಮೂಡುಬಿದಿರೆ, ಉಜಿರೆಯಲ್ಲಿ ಓದಿದರೆ ದಕ್ಷಿಣ ಕನ್ನಡದ ಹಂತ. ಗುಂಪು ಆಟದಲ್ಲಿ ತಂಡ ಗೆದ್ದರೆ ಮಾತ್ರ ಮೇಲಿನ ಹಂತ ಸಿಗುತ್ತದೆ.

ಹಾಗಾಗಿ ಬಲವಾದ ತಂಡಕ್ಕೆ ಸೇರಿದರೆ ರಾಜ್ಯ ಮಟ್ಟ ಮುಟ್ಟುವ ಸಾಧ್ಯತೆ ಹೆಚ್ಚು, ಆದರೆ ಅಂಕಣಕ್ಕೆ ಇಳಿಯುವ ಸಾಧ್ಯತೆ ಕಡಿಮೆ. ಸಾಧಾರಣ ತಂಡಕ್ಕೆ ಸೇರಿದರೆ ಪ್ರತಿ ಪಂದ್ಯ ಆಡಬಹುದು, ಆದರೆ ತಾಲೂಕಿನಲ್ಲೇ ಸೋತು ವಾಪಸ್ ಬರಲೂಬಹುದು. ಎರಡರಲ್ಲಿ ಯಾವುದು ಸರಿ ಅನ್ನುವುದು ಮಗುವಿನ ಈಗಿನ ಮಟ್ಟದ ಮೇಲೆ ನಿಂತಿದೆ. ಹೈಸ್ಕೂಲಿನಲ್ಲೇ ರಾಜ್ಯ ಮಟ್ಟದಲ್ಲಿ ಆಡಿದ ಮಗುವಿಗೆ ಬಲವಾದ ತಂಡ ಹಿಡಿಸುತ್ತದೆ. ಈಗಷ್ಟೇ ಜಿಲ್ಲಾ ಮಟ್ಟ ಕಂಡ ಮಗುವಿಗೆ ಹೆಚ್ಚು ಪಂದ್ಯ ಸಿಗುವ ಕಡೆಯೇ ಬೆಳವಣಿಗೆ. ಒಂಟಿ ಸ್ಪರ್ಧೆಯವರಿಗೆ ತಂಡದ ಸೋಲು ಅಡ್ಡ ಬರುವುದಿಲ್ಲ, ಅವರು ಕೋಚ್ ಮತ್ತು ಟ್ರ್ಯಾಕ್ ನೋಡಿ ಕಾಲೇಜು ಆರಿಸಬಹುದು.

ಫುಟ್‌ಬಾಲ್ ಹುಚ್ಚಿನ ಮಕ್ಕಳ ಹೆತ್ತವರು ಇನ್ನೊಂದು ವಿಷಯ ನೋಡಬೇಕು. ನಮ್ಮ ಕಡೆ ಕಬಡ್ಡಿ, ವಾಲಿಬಾಲ್‌ಗೆ ಇರುವಷ್ಟು ಫುಟ್‌ಬಾಲ್ ಪಂದ್ಯಗಳಿಲ್ಲ. ಆ ಆಟದ ಬೇರು ಇರುವುದು ಮಂಗಳೂರು ನೆಹರೂ ಮೈದಾನ, ಉಳ್ಳಾಲದ ಕಡೆ. ಕಾಲೇಜು ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತದೆ ಎಂದು ಕೇಳದೆ 'ಫುಟ್‌ಬಾಲ್ ತಂಡ ಉಂಟು' ಅನ್ನುವ ಮಾತು ನಂಬಿ ಸೇರಿಸಬಾರದು.

ಕಾಂಬಿನೇಷನ್, ಹಾಜರಾತಿ, ಪರೀಕ್ಷೆ

ಕ್ರೀಡಾ ಸೀಟು ಕೊಡುವಾಗ ಕೆಲವು ಕಡೆ ಕಲೆ ಅಥವಾ ವಾಣಿಜ್ಯ ವಿಭಾಗಕ್ಕೆ ಸೇರಿ ಅನ್ನುವುದುಂಟು. ಬೆಳಗ್ಗೆ, ಸಂಜೆ ಅಭ್ಯಾಸ ಇರುವ ಮಗುವಿಗೆ ವಿಜ್ಞಾನದ ಲ್ಯಾಬ್, ಸಿಇಟಿ ಕೋಚಿಂಗ್ ಎರಡೂ ತೂಗಿಸುವುದು ಕಷ್ಟ ನಿಜ. ಆದರೆ ಮಗಳು ಬಿಎಸ್ಸಿ ನರ್ಸಿಂಗ್, ಎಂಜಿನಿಯರಿಂಗ್ ಕಡೆ ಹೋಗಬೇಕು ಎಂಬ ಆಸೆ ಇದ್ದರೆ ಆ ಬಾಗಿಲು ಇಲ್ಲೇ ಮುಚ್ಚುತ್ತದೆ. ಫೀಸು ಉಳಿಸಲು ಕಾಂಬಿನೇಷನ್ ಬದಲಿಸುವುದಾದರೆ ತಿಳಿದು ಬದಲಿಸಿ.

ಪಿಯುನಲ್ಲಿ ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಾತಿ ಬೇಕು. ಕೂಟಕ್ಕೆ ಹೋದ ದಿನಗಳನ್ನು ಕಾಲೇಜು ಹೇಗೆ ದಾಖಲಿಸುತ್ತದೆ, ತಪ್ಪಿದ ಪಾಠ ಯಾರು ಹೇಳಿಕೊಡುತ್ತಾರೆ ಅಂತ ಪ್ರಾಂಶುಪಾಲರ ಹತ್ತಿರವೇ ಕೇಳಬೇಕು, ದೈಹಿಕ ಶಿಕ್ಷಣ ಶಿಕ್ಷಕರ ಮಾತು ಮಾತ್ರ ಸಾಲದು. ಒಂದು ಸಮಾಧಾನ ಇದೆ. 2024ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಅಂಕ ಕಡಿಮೆ ಬಂದರೆ ಅದೇ ವರ್ಷ ಮತ್ತೆ ಬರೆಯಬಹುದು.

ಯಾವ ಸರ್ಟಿಫಿಕೇಟಿಗೆ ಬೆಲೆ?

ನಮ್ಮ ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾಟ ಎಷ್ಟು! ಟ್ರೋಫಿ, ನಗದು, ಉತ್ತಮ ದಾಳಿಗಾರ ಬಹುಮಾನ ಎಲ್ಲಾ ಸಿಗುತ್ತದೆ. ಕಾಲೇಜಿನವರು ಹುಡುಗರನ್ನು ನೋಡುವುದೂ ಅಲ್ಲೇ. ಆದರೆ ಸೀಟಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಆ ಟ್ರೋಫಿ ಲೆಕ್ಕಕ್ಕಿಲ್ಲ. ಶಿಕ್ಷಣ ಇಲಾಖೆಯ ಕೂಟ, ವಿಶ್ವವಿದ್ಯಾನಿಲಯದ ಕೂಟ, ಮಾನ್ಯತೆ ಇರುವ ಸಂಸ್ಥೆಗಳ ಅಧಿಕೃತ ಚಾಂಪಿಯನ್‌ಶಿಪ್‌ಗಳ ಸರ್ಟಿಫಿಕೇಟಿಗೆ ಮಾತ್ರ ಬೆಲೆ.

ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಕ್ರೀಡಾ ಕೋಟಾ ಇದೆ. ಅಲ್ಲಿ ಸ್ಪರ್ಧೆ ಇರುವುದು ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದವರ ನಡುವೆ. ಮೂಲ ಪ್ರಮಾಣಪತ್ರವನ್ನು ಪರೀಕ್ಷಾ ಪ್ರಾಧಿಕಾರದ ಮುಂದೆ ತೋರಿಸಬೇಕು. ತಾಲೂಕು ಮಟ್ಟದ ಹತ್ತು ಸರ್ಟಿಫಿಕೇಟ್ ಇಟ್ಟುಕೊಂಡು ಎಂಜಿನಿಯರಿಂಗ್ ಸೀಟಿನ ಕನಸು ಕಾಣುವುದು ಬೇಡ.

ಪದವಿಗೆ ಹೋಗುವಾಗ

ಇಲ್ಲಿ ಕೋರ್ಸು ಯಾವುದು ಅನ್ನುವುದರ ಮೇಲೆ ಆಟದ ದಾರಿ ನಿಂತಿದೆ. ಬಿಎ, ಬಿಕಾಂ, ಬಿಎಸ್ಸಿಗೆ ಮಂಗಳೂರು ವಿಶ್ವವಿದ್ಯಾನಿಲಯದ ಕಾಲೇಜಿಗೆ ಸೇರಿದರೆ ಅಂತರ್ ಕಾಲೇಜು ಕೂಟ, ಅಲ್ಲಿಂದ ವಿಶ್ವವಿದ್ಯಾನಿಲಯ ತಂಡ, ನಂತರ ದಕ್ಷಿಣ ವಲಯ, ಅಖಿಲ ಭಾರತ ಅಂತರ್ ವಿಶ್ವವಿದ್ಯಾನಿಲಯ ಕೂಟ. ಎಂಜಿನಿಯರಿಂಗ್ ಸೇರಿದವರು ಸಾಮಾನ್ಯವಾಗಿ ವಿಟಿಯು ಕೂಟದಲ್ಲಿ, ನರ್ಸಿಂಗ್ ಸೇರಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯ ಕೂಟದಲ್ಲಿ ಆಡಬೇಕು. ಕಬಡ್ಡಿಯಲ್ಲಿ ಮಂಗಳೂರು ವಿವಿ ತಂಡಕ್ಕೆ ಬರುವುದಕ್ಕೂ ಬೇರೆ ವಿವಿ ತಂಡಕ್ಕೆ ಬರುವುದಕ್ಕೂ ಪೈಪೋಟಿ ಒಂದೇ ರೀತಿ ಇರುವುದಿಲ್ಲ.

ಗುಂಪು ಆಟದಲ್ಲಿ ಇಲ್ಲಿ ಒಂದು ಒಳ್ಳೆಯ ವಿಷಯ ಉಂಟು. ವಿಶ್ವವಿದ್ಯಾನಿಲಯ ತಂಡವನ್ನು ಬೇರೆ ಬೇರೆ ಕಾಲೇಜಿನ ಆಟಗಾರರಿಂದ ಆರಿಸುತ್ತಾರೆ. ಸಣ್ಣ ಕಾಲೇಜಿನ ತಂಡ ಸೋತರೂ ಅದರ ಒಬ್ಬ ಒಳ್ಳೆಯ ಆಟಗಾರನಿಗೆ ದಾರಿ ಪೂರ್ತಿ ಮುಚ್ಚುವುದಿಲ್ಲ. ವಯಸ್ಸಿನ ಮಿತಿ 25 ಇರುವುದರಿಂದ ಸ್ನಾತಕೋತ್ತರ ಓದುವಾಗಲೂ ಆಡಬಹುದು.

ಇನ್ನೊಂದು ತಿಳಿದಿರಲಿ. ಪದವಿ ಕಾಲೇಜುಗಳು ವಿದ್ಯಾರ್ಥಿಯ ಮೂಲ ಅಂಕಪಟ್ಟಿ, ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಪರಿಶೀಲಿಸಿ ವಾಪಸ್ ಕೊಡಬೇಕು. 'ಮೂರು ವರ್ಷ ಆಡಿ ಮುಗಿಸಿದ ಮೇಲೆ ಕೊಡುತ್ತೇವೆ' ಅಂದರೆ ಒಪ್ಪುವ ಅಗತ್ಯ ಇಲ್ಲ.

ಈ ಮಣ್ಣಿನವರೇ ತೋರಿಸಿದ್ದು

ಕುಂದಾಪುರ ತಾಲೂಕಿನ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಹೈಸ್ಕೂಲಿನಲ್ಲಿ ಹಿಡಿದದ್ದು ಕುಸ್ತಿ. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಹೋದ ಮೇಲೆ ಭಾರ ಎತ್ತಲು ಶುರು ಮಾಡಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದ ಕಂಚು. ಕೆಲಸ ವಾಯುಪಡೆಯಲ್ಲಿ. ಅವರ ತಂದೆ ಪಿಕಪ್ ವಾಹನದ ಚಾಲಕರಾಗಿದ್ದವರು. ಕಾಲೇಜು ಆರಿಸುವಾಗ ಮಗುವಿನ ಈಗಿನ ಆಟ ಮಾತ್ರ ನೋಡಬೇಡಿ, ಬೇರೆ ಆಟಕ್ಕೂ ಅಲ್ಲಿ ಸಲಕರಣೆ, ಕೋಚ್ ಇದ್ದಾರಾ ನೋಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕಾರ್ಕಳ ತಾಲೂಕು ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅರ್ಜುನ ಪ್ರಶಸ್ತಿ ಬಂತು, ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಇವರಿಬ್ಬರ ಹೆಸರು ಕೇಳಿದಾಗ ಎದೆ ಉಬ್ಬುತ್ತದೆ. ಆದರೆ ಅವರ ಜೊತೆ ಅದೇ ಮೈದಾನದಲ್ಲಿ ಬೆವರು ಸುರಿಸಿದ ಬಹುಪಾಲು ಮಂದಿ ಇವತ್ತು ಅಂಗಡಿ, ಬ್ಯಾಂಕು, ಹೋಟೆಲು ಅಂತ ಬೇರೆ ಬೇರೆ ಕೆಲಸದಲ್ಲಿರುತ್ತಾರೆ. ಅವರನ್ನು ಕಾಪಾಡುವುದು ಓದಿನ ಸರ್ಟಿಫಿಕೇಟ್.

ಗಾಯ ಆದರೆ?

ಕಬಡ್ಡಿ, ಫುಟ್‌ಬಾಲ್‌ನಲ್ಲಿ ಮೊಣಕಾಲಿನ ಒಳಗಿನ ಎಸಿಎಲ್ ತಂತು ಹರಿಯುವುದು ಹೊಸತಲ್ಲ. ಆಪರೇಷನ್ ಆದರೆ ಪಂದ್ಯಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಪಿಯು ಮಗುವಿಗೆ ಅದು ಒಂದು ಪೂರ್ತಿ ಸೀಸನ್.

ಈ ಪ್ರಶ್ನೆಗಳನ್ನು ಮುಜುಗರ ಬಿಟ್ಟು ಕೇಳಬೇಕು. ಗಾಯವಾಗಿ ಆಡಲು ಆಗದಿದ್ದರೆ ಫ್ರೀ ಸೀಟು ಮುಂದುವರಿಯುತ್ತದಾ? ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ, ವಿಮೆ ಇದೆಯಾ? ಅರ್ಧದಲ್ಲಿ ಬಿಟ್ಟರೆ ಹಿಂದಿನ ತಿಂಗಳುಗಳ ಫೀಸು ವಾಪಸ್ ಕಟ್ಟಬೇಕಾ? ಎರಡನೇ ವರ್ಷದ ಸೀಟು ಮೊದಲ ವರ್ಷದ ಫಲಿತಾಂಶದ ಮೇಲೆ ನಿಂತಿದೆಯಾ? ಉತ್ತರ ಬಾಯಿಮಾತಿನಲ್ಲಿ ಬೇಡ, ಪತ್ರದಲ್ಲಿ ಬೇಕು. ಒಳ್ಳೆಯ ಸಂಸ್ಥೆ ಇದಕ್ಕೆ ಬೇಸರ ಮಾಡುವುದಿಲ್ಲ.

ಪುಡಿ, ಮಾತ್ರೆ ಬಗ್ಗೆ ಜಾಗ್ರತೆ

ಸಿದ್ದಾಪುರ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ರಿಲೇಯಲ್ಲಿ ಚಿನ್ನ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀ. ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ತಂದು ಊರಿಗೇ ಹಬ್ಬ ಮಾಡಿಸಿದವರು. ಮರುವರ್ಷ ಉದ್ದೀಪನ ಪರೀಕ್ಷೆಯಲ್ಲಿ ಸಿಲುಕಿದ ಭಾರತದ ಓಟಗಾರ್ತಿಯರಲ್ಲಿ ಅವರೂ ಇದ್ದರು. ತರಬೇತುದಾರರು ಕೊಟ್ಟ ಪೂರಕದಿಂದ ಹೀಗಾಯಿತು ಅನ್ನುವುದು ಓಟಗಾರ್ತಿಯರ ವಾದ. ಇಲ್ಲಿ ಒಂದು ವರ್ಷದ ನಿಷೇಧ ಆಯಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ನಿಯಮ ಹೇಳುವುದು ಇಷ್ಟೇ: ದೇಹದೊಳಗೆ ಹೋದದ್ದಕ್ಕೆ ಆಟಗಾರರೇ ಹೊಣೆ. ಹಾಸ್ಟೆಲ್‌ನಲ್ಲಿ ಯಾರೇ ಪುಡಿ, ಮಾತ್ರೆ, ಇಂಜೆಕ್ಷನ್ ಕೊಟ್ಟರೂ ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದು ಎಂದು ಮಗುವಿಗೆ ಹೇಳಿ ಕಳಿಸಿ.

ಹೆಣ್ಣುಮಕ್ಕಳನ್ನು ಕಳಿಸುವಾಗ

ಮಹಿಳಾ ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರಾ, ಹೊರ ಊರಿನ ಪಂದ್ಯಕ್ಕೆ ಹೋಗುವಾಗ ಜೊತೆಗೆ ಮಹಿಳಾ ಸಿಬ್ಬಂದಿ ಇರುತ್ತಾರಾ, ದೂರು ಸಮಿತಿಯಲ್ಲಿ ಯಾರಿದ್ದಾರೆ, ಮನೆಗೆ ಫೋನ್ ಮಾಡಲು ದಿನಕ್ಕೆ ಎಷ್ಟು ಹೊತ್ತು ಬಿಡುತ್ತಾರೆ, ಇವನ್ನು ನೇರವಾಗಿ ಕೇಳಿ. 18ರೊಳಗಿನ ಮಕ್ಕಳಿಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098 ಮಗಳಿಗೂ ಬಾಯಿಪಾಠ ಇರಲಿ. ಮನೆಯಿಂದ ಹೋಗಿಬರುವುದಾದರೆ ಸಂಜೆ ಅಭ್ಯಾಸ ಮುಗಿಯುವ ಹೊತ್ತು ಮತ್ತು ಕೊನೆಯ ಬಸ್ಸಿನ ಹೊತ್ತು ಹೊಂದುತ್ತದಾ ನೋಡಿ. ಹೆದ್ದಾರಿ ಬದಿಯವರಿಗೆ ತೊಂದರೆ ಇಲ್ಲ, ಒಳ ರಸ್ತೆಯವರಿಗೆ ಇದೇ ದೊಡ್ಡ ಪ್ರಶ್ನೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು ಅನ್ನುವುದೂ ಲೆಕ್ಕದಲ್ಲಿರಲಿ.

ಹೋಗುವಾಗ ಕೈಯಲ್ಲಿರಬೇಕಾದ್ದು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕ್ರೀಡಾ ಸರ್ಟಿಫಿಕೇಟ್‌ಗಳ ಮೂಲ ಪ್ರತಿ ಹಾಗೂ ಎರಡೆರಡು ಜೆರಾಕ್ಸ್. ಹೆಸರು, ಹುಟ್ಟಿದ ದಿನ ಎಲ್ಲದರಲ್ಲೂ ಒಂದೇ ಇರಬೇಕು. ವಯಸ್ಸಿನ ವಿಭಾಗದ ಕೂಟಗಳಲ್ಲಿ ಒಂದಕ್ಷರ, ಒಂದು ದಿನಾಂಕ ವ್ಯತ್ಯಾಸವಾದರೂ ಮಗು ಹೊರಗೆ ಕೂರಬೇಕಾಗುತ್ತದೆ. ಮೂಲ ಪ್ರತಿ ಕೊಟ್ಟರೆ ಸ್ವೀಕೃತಿ ಪಡೆಯಿರಿ.

ಸಾಧ್ಯವಾದರೆ ಮಗುವನ್ನೂ ಕರೆದುಕೊಂಡು ಒಂದು ಸಂಜೆ ಅಭ್ಯಾಸದ ಹೊತ್ತಿಗೆ ಹೋಗಿ. ಹಾಸ್ಟೆಲ್ ಊಟದ ಕೋಣೆ ನೋಡಿ. ಎರಡನೇ ವರ್ಷದಲ್ಲಿರುವ, ಆದರೆ ತಂಡದಲ್ಲಿ ಜಾಗ ಸಿಗದ ಒಬ್ಬ ಹುಡುಗನ ಹತ್ತಿರ ಹತ್ತು ನಿಮಿಷ ಮಾತಾಡಿ. ಗೆದ್ದವರ ಫೋಟೋ ಕಾಲೇಜಿನ ಗೋಡೆಯ ಮೇಲೆ ಇದ್ದೇ ಇರುತ್ತದೆ. ಆಡಲು ಸಿಗದವನಿಗೂ ಅಲ್ಲಿ ಪಾಠ, ಊಟ, ಮರ್ಯಾದೆ ಸರಿಯಾಗಿ ಸಿಗುತ್ತಿದ್ದರೆ ಆ ಕಾಲೇಜಿಗೆ ಮಗುವನ್ನು ಧೈರ್ಯವಾಗಿ ಕಳಿಸಬಹುದು.